ಸಮಾಜದ ಏಳಿಗೆ ಮತ್ತು ನಮ್ಮ ಕೊನೆಯ ಬೆಂಚು

(ಶತಮಾನೋತ್ಸವದ ಅಂಗವಾಗಿ ಕಾಮಾಕ್ಷಿಪಾಳ್ಯ ವಲಯದ ಕುಟುಂಬಗಳ ಕೂಟದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸಮಾಜ ಸುಧಾರಣೆಯ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ವಲಯದ ಹಿರಿಯರು ಕೇಳಿಕೊಂಡರು. ಇಂತಹ ವಿಷಯವನ್ನು ಕುರಿತು ಮಾತನಾಡುವವರು ದೆಹಲಿಯಿಂದ ಆರಂಭಿಸಿ ರೋಮಾಪುರಿಯಲ್ಲಿ ಮುಗಿಸುವುದುಂಟು. ನಾವೂ ಹಾಗೆ ಮಾಡಿದವರೇ. ಇಂದು ಮಾತ್ರ ಈ ಮಾಗಡಿ ರಸ್ತೆಯನ್ನು ಬಿಟ್ಟು ದೂರ ಹೋಗಬಾರದೆಂದು ನಿಶ್ಚಯಿಸಿ ಬಂದಿದ್ದೇವೆ.

ಬಸ್ಸಿನಲ್ಲಿ ಹೋಗುವಾಗ ನಿರ್ವಾಹಕರು "ಸುಮನಹಳ್ಳಿ, ಸುಮನಹಳ್ಳಿ" ಎಂದು ಕೂಗುವುದನ್ನು ನೀವು ದಿನವೂ ಕೇಳುತ್ತೀರಿ. ಅದು ಯಾವುದೋ ಹಳೆಯ ಊರಿನ ಹೆಸರೆಂದು ನಿಮ್ಮಲ್ಲಿ ಅನೇಕರು, ವಿಶೇಷವಾಗಿ ಯುವಜನರು, ತಿಳಿದಿರಬಹುದು. 1970ರ ದಶಕದ ಉತ್ತರಾರ್ಧದಲ್ಲಿ, ದೇವರಾಜ ಅರಸು ಅವರು ಮುಖ್ಯಮಂತ್ರಿಗಳಾಗಿದ್ದಾಗ, ಬೆಂಗಳೂರಿನ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳ ಯೋಗಕ್ಷೇಮವನ್ನು ವಹಿಸಿಕೊಳ್ಳುವಂತೆ ಸರ್ಕಾರವು ನಮ್ಮ ಮಹಾಧರ್ಮಪ್ರಾಂತ್ಯವನ್ನು ಕೇಳಿಕೊಂಡಿತು. ಆಗ ಮಹಾಧರ್ಮಾಧ್ಯಕ್ಷರಾಗಿದ್ದವರು ಪೂಜ್ಯ ಆರೋಗ್ಯಸ್ವಾಮಿಯವರು. ಸರ್ಕಾರದ ಜಮೀನಿನಲ್ಲಿ ಆರಂಭವಾದ ಆ ಪುನರ್ವಸತಿ ಕೇಂದ್ರಕ್ಕೆ ಒಳ್ಳೆಯ ಮನಸ್ಸಿನವರ ಹಳ್ಳಿ ಎಂಬರ್ಥದಲ್ಲಿ ಸುಮನಹಳ್ಳಿ ಎಂದು ಹೆಸರಾಯಿತು. ಊರಿನವರು ಯಾರ ನೆರಳೂ ಬೇಡವೆಂದರೋ, ಅವರಿದ್ದ ಜಾಗದ ಹೆಸರೇ ಇಂದು ಬಸ್ ನಿಲ್ದಾಣಕ್ಕೂ ಮೇಲ್ಸೇತುವೆಗೂ ಇದೆ.

ಗುರುಮಠದಲ್ಲಿ ಓದುತ್ತಿದ್ದಾಗ ನಾವು ಅಲ್ಲಿಗೆ ಹೋಗಿದ್ದುಂಟು. ಹಣ್ಣು, ಬಿಸ್ಕತ್ತು, ಹಳೆಯ ಬಟ್ಟೆಗಳನ್ನು ಹಂಚಿಬರುವ ಉತ್ಸಾಹದಿಂದ ಹೋದೆವು. ಅಲ್ಲಿ ಕಂಡದ್ದೇ ಬೇರೆ. ಬೆರಳು ಮೊಂಡಾದ ಕೈಗಳು ಚರ್ಮವನ್ನು ಹೊಲಿಯುತ್ತಿದ್ದವು, ಮೇಣದ ಬತ್ತಿಗಳನ್ನು ಮಾಡುತ್ತಿದ್ದವು, ಸ್ಪರ್ಶಜ್ಞಾನವಿಲ್ಲದ ಪಾದಗಳಿಗೆ ಹೊಂದುವ ಮೆತ್ತನೆಯ ಚಪ್ಪಲಿಗಳನ್ನು ತಯಾರಿಸುತ್ತಿದ್ದವು. ನಮ್ಮ ಬಿಸ್ಕತ್ತಿನ ಪೊಟ್ಟಣಗಳನ್ನು ಎಲ್ಲಿಡಬೇಕೆಂಬುದೇ ನಮಗೆ ತಿಳಿಯದಾಯಿತು.

ಈ ರೋಗದ ವಿಷಯವಾಗಿ ನಮ್ಮ ವಿದ್ಯಾವಂತ ಮನೆಗಳಲ್ಲಿಯೂ ಎಷ್ಟು ಅಜ್ಞಾನವಿದೆಯೆಂದರೆ, ತೊನ್ನಿನ ಬಿಳಿಯ ಮಚ್ಚೆಯನ್ನೂ ಕುಷ್ಠವೆಂದು ಹೆದರಿ ಹೆಣ್ಣನ್ನು ನಿರಾಕರಿಸಿದ ಪ್ರಸಂಗಗಳನ್ನು ನಾವು ಬಲ್ಲೆವು. ಇದು ಶಾಪವೂ ಅಲ್ಲ, ಪಾಪದ ಫಲವೂ ಅಲ್ಲ. ಇದು ಒಂದು ರೋಗಾಣುವಿನಿಂದ ಬರುವ ಕಾಯಿಲೆಯೆಂದು ನಾರ್ವೆ ದೇಶದ ವೈದ್ಯ ಹ್ಯಾನ್ಸನ್ 1873ರಲ್ಲಿಯೇ ಕಂಡುಹಿಡಿದರು. ಬೆರಳುಗಳು ತಾವಾಗಿಯೇ ಉದುರುವುದಿಲ್ಲ. ನರಗಳು ಸತ್ತು ನೋವು ತಿಳಿಯದಂತಾಗುತ್ತದೆ. ಬಿಸಿ ಪಾತ್ರೆ ಸುಟ್ಟರೂ ಮೊಳೆ ಚುಚ್ಚಿದರೂ ಅರಿವಾಗದೆ ಗಾಯ ಕೀವಾಗಿ ಅಂಗವು ನಷ್ಟವಾಗುತ್ತದೆ. ಬಹು ಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿತು. ಮದ್ದು ಆರಂಭಿಸಿದ ಸ್ವಲ್ಪ ದಿನಗಳಲ್ಲಿಯೇ ರೋಗಿಯಿಂದ ಇತರರಿಗೆ ಸೋಂಕು ಹರಡುವ ಭಯವಿರುವುದಿಲ್ಲ. ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷದಲ್ಲಿ ಗುಣವಾಗುತ್ತದೆ. ಮದ್ದು ಉಚಿತ.

ರೋಗಕ್ಕೆ ಮದ್ದು ಸಿಕ್ಕಿತು. ಸಮಾಜಕ್ಕೆ? ಗತಿಯಿಲ್ಲದ ಕುಷ್ಠರೋಗಿಗಳನ್ನು ಹಿಡಿದು ಕೂಡಿಹಾಕಲು ಆಂಗ್ಲರು 1898ರಲ್ಲಿ ಮಾಡಿದ ಕಾನೂನು ನಮ್ಮ ಶಾಸನ ಗ್ರಂಥದಿಂದ ಅಳಿಸಿಹೋದದ್ದು 2016ರಲ್ಲಿ. ಗಂಡನಿಗಾಗಲಿ ಹೆಂಡತಿಗಾಗಲಿ ಈ ರೋಗವಿದೆಯೆಂಬ ಕಾರಣಕ್ಕೆ ವಿವಾಹ ವಿಚ್ಛೇದನ ಪಡೆಯುವ ಅವಕಾಶವನ್ನು ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ. ಆ ಹೊತ್ತಿಗೆ ಮದ್ದು ಬಂದು ಮೂವತ್ತೆಂಟು ವರ್ಷಗಳಾಗಿದ್ದವು.

ಲೂಕನ ಶುಭಸಂದೇಶದ ಹದಿನೇಳನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳ ವೃತ್ತಾಂತವನ್ನು ಕೇಳಿದ್ದೀರಿ. ಒಬ್ಬನೇ ಹಿಂದಿರುಗಿ ಬಂದು ಕೃತಜ್ಞತೆ ಸಲ್ಲಿಸಿದನೆಂಬುದನ್ನೇ ಹಿಡಿದು ನಾವು ಗುರುಗಳೆಲ್ಲ ವರ್ಷವರ್ಷವೂ ಪ್ರಬೋಧನೆ ಮಾಡುತ್ತೇವೆ. ಆದರೆ ಅದಕ್ಕೂ ಮುಂಚೆ ಯೇಸುಸ್ವಾಮಿಯವರು ಅವರಿಗೆ ಹೇಳಿದ್ದೇನು? ಹೋಗಿ ಯಾಜಕರಿಗೆ ನಿಮ್ಮನ್ನು ತೋರಿಸಿಕೊಳ್ಳಿರಿ ಎಂದಲ್ಲವೆ? ಮೋಶೆಯ ಧರ್ಮಶಾಸ್ತ್ರದಂತೆ, ಗುಣವಾದವನನ್ನು ಪರೀಕ್ಷಿಸಿ, ಇವನು ಶುದ್ಧನೆಂದು ಸಾರಿ, ಪಾಳೆಯದ ಹೊರಗಿದ್ದವನನ್ನು ಮರಳಿ ಒಳಗೆ ಕರೆದುಕೊಳ್ಳಬೇಕಾದವನು ಯಾಜಕ. ದೇಹವನ್ನು ಗುಣಪಡಿಸಿದ ಪ್ರಭುವು ಉಳಿದರ್ಧ ಕೆಲಸವನ್ನು ಯಾಜಕರಿಗೆ ಬಿಟ್ಟರು. ಇದನ್ನು ಓದುವಾಗ ನಮಗೆ ನಾಚಿಕೆಯಾಗುತ್ತದೆ. ಅದರ ಕಾರಣವನ್ನೂ ಹೇಳಿಬಿಡುತ್ತೇವೆ.

ಬಹಳ ವರ್ಷಗಳ ಹಿಂದೆ, ನಾವು ಬೇರೊಂದು ಧರ್ಮಕೇಂದ್ರದಲ್ಲಿ ಸಹಾಯಕ ಗುರುಗಳಾಗಿದ್ದಾಗ, ಪೂರ್ಣವಾಗಿ ಗುಣಹೊಂದಿದ್ದ ಒಬ್ಬ ಸಹೋದರರು ಹೆಂಡತಿ ಮಗಳೊಂದಿಗೆ ಭಾನುವಾರದ ಪೂಜೆಗೆ ಬರಲಾರಂಭಿಸಿದರು. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಎರಡನೆಯ ವಾರ ಆ ಬೆಂಚಿನಲ್ಲಿ ಅವರ ಹೊರತು ಯಾರೂ ಇರಲಿಲ್ಲ. ಮೂರನೆಯ ವಾರ ಪರಮಪ್ರಸಾದಕ್ಕೆ ಅವರು ನಿಂತ ಸಾಲಿನಿಂದ ಜನ ಒಬ್ಬೊಬ್ಬರಾಗಿ ಜಾರಿ ಪಕ್ಕದ ಸಾಲಿಗೆ ಹೋದರು. ನಾವು ಪೀಠದ ಬಳಿ ನಿಂತು ಎಲ್ಲವನ್ನೂ ಕಂಡೆವು. ನಾಲ್ಕನೆಯ ವಾರ ಅವರು ಹೊರಗೆ ಲೂರ್ದುಮಾತೆಯ ಗವಿಯ ಬಳಿ ಮರದಡಿಯಲ್ಲಿ ಕುಳಿತು ಧ್ವನಿವರ್ಧಕದಲ್ಲಿ ಪೂಜೆ ಕೇಳುತ್ತಿದ್ದರು. ಯಾಕಪ್ಪಾ ಇಲ್ಲಿ ಎಂದು ಕೇಳಿದೆವು. "ಇಲ್ಲಿ ಗಾಳಿ ಚೆನ್ನಾಗಿದೆ, ಸ್ವಾಮಿ" ಎಂದರು. ಅವರ ಮಾತಿನ ಅರ್ಥ ನಮಗೆ ಚೆನ್ನಾಗಿ ತಿಳಿದಿತ್ತು. ತಿಳಿದೂ, ಆಗಲಿ ಎಂದು ತಲೆಯಾಡಿಸಿ ಗುರುಮನೆಗೆ ನಡೆದೆವು. ಮುಂದಿನ ಭಾನುವಾರ ಪೂಜೆಯಲ್ಲಿ ಜನರಿಗೆ ಒಂದು ಮಾತು ಹೇಳಬಹುದಾಗಿತ್ತು. ಹೋಗಿ ಆ ಬೆಂಚಿನಲ್ಲಿ ಅವರ ಪಕ್ಕ ಕೂರಬಹುದಾಗಿತ್ತು. ಎರಡನ್ನೂ ಮಾಡಲಿಲ್ಲ. ಕೆಲವು ತಿಂಗಳಲ್ಲಿ ಆ ಕುಟುಂಬ ಬೇರೆ ಕಡೆಗೆ ಹೋಯಿತು.

ಸಮಾಜದ ಸುಧಾರಣೆಯೆಂದರೆ ದಾನ ಕೊಡುವುದೆಂದು ನಾವು ಭಾವಿಸಿಕೊಂಡಿದ್ದೇವೆ. ದಾನ ಸುಲಭ, ಗೇಟಿನ ಆಚೆ ನಿಂತವನಿಗೆ ಈಚೆಯಿಂದಲೇ ಕೊಡಬಹುದು. ಗೇಟು ತೆರೆಯುವುದು ಕಷ್ಟ. ಕೆಲಸ ಕೊಡುವುದು, ಬಾಡಿಗೆಗೆ ಮನೆ ಕೊಡುವುದು, ಅವರ ಮಗಳನ್ನು ಸೊಸೆಯಾಗಿ ತಂದುಕೊಳ್ಳುವುದು, ಇವು ಕಾಣಿಕೆ ಪೆಟ್ಟಿಗೆಯಲ್ಲಿ ಹಾಕಿ ಮುಗಿಸುವ ಸಂಗತಿಗಳಲ್ಲ.

ಇದು ಕುಷ್ಠರೋಗದ ಮಾತು ಮಾತ್ರವಲ್ಲ. ಈ ಕಾಮಾಕ್ಷಿಪಾಳ್ಯದ ಗಲ್ಲಿಗಳಲ್ಲಿ ಹುಟ್ಟಿ ಬೆಳೆದ ನಿಮಗೆ ಲೇತು, ಪವರ್ ಪ್ರೆಸ್ಸುಗಳ ಸದ್ದೇ ಜೋಗುಳ. ನಿಮ್ಮಲ್ಲಿ ಕೆಲಸಗಾರರೂ ಇದ್ದೀರಿ, ಸಾಲ ಮಾಡಿ ಸಣ್ಣ ವರ್ಕ್‌ಷಾಪು ಇಟ್ಟುಕೊಂಡವರೂ ಇದ್ದೀರಿ. ಪ್ರೆಸ್ಸಿಗೆ ಸಿಕ್ಕಿ ಬೆರಳು ಕಳೆದುಕೊಂಡ ಹುಡುಗರನ್ನು ನಾವು ಈ ವಲಯದ ಮನೆಗಳಲ್ಲಿಯೇ ಸಂದರ್ಶಿಸಿದ್ದೇವೆ. ಗಾಯ ಮಾಯುತ್ತದೆ; ಅನಂತರ ಆ ಹುಡುಗನಿಗೆ ಅದೇ ಗಲ್ಲಿಯಲ್ಲಿ ಕೆಲಸವಿಲ್ಲ. ನೌಕರರ ರಾಜ್ಯ ವಿಮಾ ಕಾನೂನು 1948ರಲ್ಲಿ ಬಂದಿತು, ಅದರ ದೊಡ್ಡ ಆಸ್ಪತ್ರೆ ರಾಜಾಜಿನಗರದಲ್ಲಿ ನಮ್ಮ ನೆರೆಯಲ್ಲಿಯೇ ಇದೆ. ಆದರೆ ಮಾಲೀಕನು ಹೆಸರು ಬರೆಸದಿದ್ದರೆ ಆ ಆಸ್ಪತ್ರೆಯ ಹತ್ತಿರ ಇದ್ದೂ ಹುಡುಗನಿಗೆ ಪ್ರಯೋಜನವೇನು? ಮಾಲೀಕರ ಕಷ್ಟವನ್ನು ನಾವು ಅರಿಯದವರಲ್ಲ. ಆರ್ಡರು ನಿಂತರೆ ತಿಂಗಳ ಬಾಡಿಗೆಯೂ ಹುಟ್ಟದು. ಆದರೂ ವಾರದ ಕೊನೆಗೆ ಪೂಜೆಯಲ್ಲಿ ಮಾಲೀಕನೂ ಹುಡುಗನೂ ಒಂದೇ ಪೀಠದ ಮುಂದೆ ಮೊಣಕಾಲೂರುತ್ತಾರಲ್ಲ, ಅದಕ್ಕಾಗಿ ಕೇಳುತ್ತಿದ್ದೇವೆ.

ಶತಮಾನೋತ್ಸವದ ನೆನಪಿಗೆ ದೇವಾಲಯದ ಮುಂದೆ ಕಮಾನು ಕಟ್ಟಬೇಕೆಂದು ಪಾಲನಾ ಸಮಿತಿಯಲ್ಲಿ ಚರ್ಚೆ ನಡೆದಿರುವುದು ನಿಮಗೆಲ್ಲ ಗೊತ್ತು. ಕಮಾನಿಗೆ ನಮ್ಮ ವಿರೋಧವಿಲ್ಲ, ಚಿಕ್ಕದೇ ಸಾಕೆಂದು ಮಾತ್ರ ನಮ್ಮ ಅಭಿಪ್ರಾಯ. ಉಳಿಯುವ ಹಣವನ್ನು ಕೈ ನೊಂದವರು ಮತ್ತೆ ದುಡಿಯಲು ಬೇಕಾದ ಹೊಲಿಗೆ ಯಂತ್ರಕ್ಕೋ ತರಬೇತಿಗೋ ಸಾಲವಾಗಿ ಕೊಡೋಣ. ಸಾಲವೆಂದೇ ಕೊಡೋಣ; ತೀರಿಸಿದವನು ತಲೆಯೆತ್ತಿ ನಡೆಯುತ್ತಾನೆ.

ಬರುವ ಭಾನುವಾರ ಎರಡನೆಯ ಪೂಜೆಯಾದ ಮೇಲೆ ವರ್ಕ್‌ಷಾಪು ನಡೆಸುವ ಸಹೋದರರೆಲ್ಲರೂ ಗುರುಮನೆಗೆ ಬರಬೇಕೆಂದು ವಿನಂತಿ. ವಿಮೆಯ ಕಾಗದಪತ್ರಗಳನ್ನು ಬಲ್ಲ ಒಬ್ಬರನ್ನು ಕರೆಸಿದ್ದೇವೆ, ಕಾಫಿಯ ವ್ಯವಸ್ಥೆಯೂ ಇದೆ. ಪೂಜೆಯ ಹೊತ್ತಿನಲ್ಲಿ ನಮ್ಮನ್ನು ಕಾಣಬೇಕಾದವರು ಗರ್ಭಗುಡಿಯ ಬಳಿ ಹುಡುಕಬೇಡಿರಿ. ಆ ದಿನ ಪೂಜೆ ಅರ್ಪಿಸುವವರು ನಮ್ಮ ಸಹಾಯಕ ಗುರುಗಳು. ನಾವು ಕೊನೆಯ ಬೆಂಚಿನಲ್ಲಿರುತ್ತೇವೆ.