ಪೈಪ್ ರಿಪೇರಿ ಅಂದರು

ಪೈಪ್‌ಲೈನ್ ದುರಸ್ತಿ, ನಾಲ್ಕು ದಿನ ನೀರು ಬರಲ್ಲ. ಇಂಥ ಪ್ರಕಟಣೆ ನಮಗೇನೂ ಹೊಸದಲ್ಲ. ಡ್ರಮ್ಮು, ಬಕೆಟ್ಟು ತುಂಬಿಸಿಟ್ಟುಕೊಂಡು ಸುಮ್ಮನಾಗ್ತೀವಿ. 2005ರ ನವೆಂಬರ್ 21ರಂದು ಚೀನಾದ ಹಾರ್ಬಿನ್ ನಗರದ ಜನರಿಗೂ ಹೀಗೇ ಹೇಳಿದರು. ಸುಮಾರು 40 ಲಕ್ಷ ಜನರಿಗೆ ನಲ್ಲಿ ಬಂದ್. ಆದರೆ ಪೈಪಿಗೆ ಏನೂ ಆಗಿರಲಿಲ್ಲ. ನದಿಗೆ ವಿಷ ಬಿದ್ದಿತ್ತು.

ಎಂಟು ದಿನ ಮೊದಲು, 13ನೇ ತಾರೀಕು, ನದಿಯ ಮೇಲ್ಭಾಗದ ಜಿಲಿನ್ ನಗರದಲ್ಲಿ ಪೆಟ್ರೋಕೆಮಿಕಲ್ ಕಾರ್ಖಾನೆ ಸ್ಫೋಟಿಸಿ 8 ಜನ ಸತ್ತಿದ್ದರು. ಸುಮಾರು 100 ಟನ್ ಬೆಂಜೀನ್, ನೈಟ್ರೋಬೆಂಜೀನ್ ಸೊಂಗ್‌ಹುವಾ ನದಿ ಸೇರಿತ್ತು. ನದಿಗೇನೂ ಆಗಿಲ್ಲ ಅಂತಲೇ ಮೊದಲು ಸಾಧಿಸಿದರು. ಹಾರ್ಬಿನ್ ಜನ ಪೈಪಿನ ಕಥೆ ನಂಬಲಿಲ್ಲ. ಭೂಕಂಪ ಆಗುತ್ತಂತೆ ಅನ್ನೋ ಗಾಳಿಸುದ್ದಿ ಹಬ್ಬಿತು, ಅಂಗಡಿಗಳಲ್ಲಿ ಬಾಟಲಿ ನೀರು ಖಾಲಿಯಾಯ್ತು. ಮರುದಿನ ನಿಜ ಒಪ್ಪಿಕೊಂಡರು. ಡಿಸೆಂಬರ್‌ನಲ್ಲಿ ಆ ದೇಶದ ಪರಿಸರ ಇಲಾಖೆಯ ಮುಖ್ಯಸ್ಥರೇ ರಾಜೀನಾಮೆ ಕೊಟ್ಟರು.

ಇಂಜಿನಿಯರಿಂಗ್ ಓದಿದವನ ಹಳೇ ಚಟ, ಲೆಕ್ಕ ಹಾಕಿ ನೋಡಿದೆ. ದೂರ ಸುಮಾರು 380 ಕಿಲೋಮೀಟರ್. ವಿಷ ಹಾರ್ಬಿನ್ ಮುಟ್ಟಿದ್ದು 24ಕ್ಕೆ. ಅಂದರೆ ಗಂಟೆಗೆ ಸುಮಾರು ಒಂದೂವರೆ ಕಿಲೋಮೀಟರ್. ಜಿಲಿನ್‌ನಿಂದ ಒಬ್ಬ ಮನುಷ್ಯ ನಡಕೊಂಡು ಹೋಗಿ ಹೇಳಿದ್ದರೂ ಮೊದಲೇ ತಲುಪ್ತಿದ್ದ!

ಅದು ಚೀನಾ, ನಮ್ಮಲ್ಲಿ ಹಾಗಾಗಲ್ಲ ಅಂತೀರಾ? ನಮ್ಮ 1974ರ ಜಲ ಕಾಯ್ದೆಯ 31ನೇ ಕಲಂ ಓದಿ. ಅಪಘಾತದಿಂದ ವಿಷಕಾರಿ ವಸ್ತು ಹೊಳೆಗೋ ಬಾವಿಗೋ ಸೇರಿದರೆ, ಸೇರುವ ಸಾಧ್ಯತೆ ಇದ್ದರೂ, ಕಾರ್ಖಾನೆಯವರು ತಕ್ಷಣ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ, ನಿಗದಿಪಡಿಸಿದ ಇತರ ಪ್ರಾಧಿಕಾರಗಳಿಗೆ ತಿಳಿಸಬೇಕು. ಒಳ್ಳೇದು. ಆದರೆ ಆ ನೀರು ಕುಡಿಯುವವರಿಗೆ ತಿಳಿಸಬೇಕು ಅನ್ನೋ ಮಾತು ಆ ಕಲಂನಲ್ಲಿ ಇಲ್ಲ. ಸುದ್ದಿ ಆಫೀಸಿನಿಂದ ಆಫೀಸಿಗೆ ಹೋಗುವಷ್ಟರಲ್ಲಿ ನೀರು ಊರಿಗೆ ಬಂದಿರುತ್ತೆ.

ತಮಾಷೆ ನೋಡಿ. ಡ್ಯಾಮಿನಿಂದ ನೀರು ಬಿಡುವಾಗ ನದಿಪಾತ್ರದ ಹಳ್ಳಿಗಳಲ್ಲಿ ಡಂಗುರ ಸಾರಿಸ್ತೀವಿ, ನಾವು ಚಾನೆಲ್‌ನವರು ದಿನವಿಡೀ ಬ್ರೇಕಿಂಗ್ ನ್ಯೂಸ್ ಓಡಿಸ್ತೀವಿ. ಎಷ್ಟು ಕ್ಯೂಸೆಕ್ ಅಂತ ಮಕ್ಕಳಿಗೂ ಗೊತ್ತು. ಬರೀ ನೀರಿಗೆ ಇಷ್ಟು ಮಾಡುವ ವ್ಯವಸ್ಥೆ ವಿಷದ ನೀರಿಗೆ ಯಾಕೆ ಮಾಡಬಾರದು? ಯಾವ ರಾಸಾಯನಿಕ, ಎಷ್ಟು ಬಿದ್ದಿದೆ, ಯಾವ ಊರಿಗೆ ಎಷ್ಟು ಹೊತ್ತಿಗೆ ಬರುತ್ತೆ, ಇಷ್ಟು ಹೇಳಿದರೆ ಸಾಕು.

ತುಂಗಭದ್ರೆಯ ದಡದ ಹಳ್ಳಿಯಲ್ಲಿ ಬೆಳಿಗ್ಗೆ ಪಂಪಿನ ಸ್ವಿಚ್ ಹಾಕೋದು ಪಂಚಾಯ್ತಿಯ ನೀರಗಂಟಿ. ಅವನ ಮೊಬೈಲ್ ನಂಬರ್ ಪಂಚಾಯ್ತಿಯಲ್ಲಿ ಇರುತ್ತೆ. ಮೇಲ್ಗಡೆಯ ಕಾರ್ಖಾನೆಯಲ್ಲೂ ಅದು ಇರಬೇಕು ಅಂತ ಕಾಯ್ದೆಗೆ ಒಂದು ಸಾಲು ಸೇರಿಸಿ, ಮಾನ್ಯ ಮಂತ್ರಿಗಳೇ.