ಮಕ್ಕಳ ವೇಷವೂ ಪೇಟೆಯ ಲಾಭವೂ

(ಪಕ್ಷದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)



ಇಂದಿನ ವಿಷಯ ನಿಮ್ಮಲ್ಲಿ ಕೆಲವರಿಗೆ ವಿಚಿತ್ರವೆನಿಸಬಹುದು. ಕೂಲಿ, ಬೆಲೆಯೇರಿಕೆ, ಭೂಮಿಯ ಮಾತನ್ನು ಬಿಟ್ಟು, ಅಮೆರಿಕದ ಮಕ್ಕಳು ವರ್ಷಕ್ಕೊಂದು ಸಂಜೆ ತೊಡುವ ವೇಷದ ಮಾತೇಕೆ ಎಂದು ನೀವು ಕೇಳಿದರೆ ಅದು ನ್ಯಾಯವೇ. ಆದರೆ ನಮ್ಮ ಊರುಗಳ ಎಷ್ಟೋ ಮನೆಗಳ ಮಕ್ಕಳು ಇಂದು ನ್ಯೂಜರ್ಸಿಯಲ್ಲೋ ಕ್ಯಾಲಿಫೋರ್ನಿಯದಲ್ಲೋ ಸಂಸಾರ ಹೂಡಿದ್ದಾರೆ. ಬಾಣಂತನಕ್ಕೆಂದು ಹೋಗಿಬಂದ ತಾಯಂದಿರು ಅಲ್ಲಿಂದ ಒಂದು ಪ್ರಶ್ನೆಯನ್ನು ಹೊತ್ತು ತರುತ್ತಾರೆ. ಕೈತುಂಬ ಸಂಬಳವಿದ್ದೂ ಮೊಮ್ಮಕ್ಕಳಿಗೆ ಯಾರೋ ಉಟ್ಟುಬಿಟ್ಟ ಬಟ್ಟೆ ತಂದು ಹಾಕುವುದೇಕೆ ಎಂಬುದೇ ಆ ಪ್ರಶ್ನೆ. ಇದು ಚಿಕ್ಕ ಪ್ರಶ್ನೆಯಲ್ಲ. ಹಳೆಯ ಬಟ್ಟೆಗೆ ಅವಮಾನ ಅಂಟಿಕೊಂಡದ್ದು ಹೇಗೆ, ಅದನ್ನು ಕಳೆಯುವ ದಾರಿ ಯಾವುದು ಎಂಬ ವಿಚಾರ ಇದರೊಳಗಿದೆ. ಸಮಾಜವಾದಿಗಳಾದ ನಾವು ಇದಕ್ಕೆ ಉತ್ತರ ಕೊಡಬೇಕು.

ಮೊದಲು ಹಬ್ಬದ ವಿಷಯ. ಅಕ್ಟೋಬರ್ 31ರ ಸಂಜೆಗೆ ಹ್ಯಾಲೋವೀನ್ ಎಂದು ಹೆಸರು. ಕ್ರೈಸ್ತರ ಸಕಲ ಸಂತರ ಹಬ್ಬದ ಹಿಂದಿನ ಸಂಜೆ ಅದು. 19ನೆಯ ಶತಮಾನದಲ್ಲಿ ಹಸಿವಿನಿಂದ ನಾಡು ಬಿಟ್ಟ ಐರ್ಲೆಂಡಿನ ಬಡವರೂ ಸ್ಕಾಟ್ಲೆಂಡಿನ ವಲಸೆಗಾರರೂ ಅದನ್ನು ಅಮೆರಿಕಕ್ಕೆ ಒಯ್ದರು. ಅಂದು ಮಕ್ಕಳು ದೆವ್ವ, ಮಾಟಗಾತಿ, ಎಲುಬಿನ ಹಂದರ, ರಾಜಕುಮಾರಿ ಎಂದು ವೇಷ ಕಟ್ಟಿಕೊಂಡು ನೆರೆಹೊರೆಯ ಬಾಗಿಲುಗಳನ್ನು ತಟ್ಟುತ್ತಾರೆ. ಮನೆಯವರು ಮಿಠಾಯಿ ಕೊಡುತ್ತಾರೆ. ನವರಾತ್ರಿಯಲ್ಲಿ ನಮ್ಮ ಕರಾವಳಿಯ ಹುಲಿವೇಷದವರು ಮನೆಮನೆಯ ಅಂಗಳಕ್ಕೆ ಬರುವುದನ್ನು ಕಂಡವರಿಗೆ ಇದು ಅಷ್ಟೊಂದು ಪರಕೀಯವೆನಿಸದು. ಈ ಹಬ್ಬದಲ್ಲಿ ಒಂದು ಒಳ್ಳೆಯ ಗುಣವಿದೆ. ಬಾಗಿಲಿಗೆ ಬಂದ ಮಗುವಿನ ತಂದೆ ಯಾರು, ಅವನ ವರಮಾನವೆಷ್ಟು ಎಂದು ಯಾರೂ ಕೇಳುವುದಿಲ್ಲ. ಮುಖವಾಡದ ಮುಂದೆ ಆ ಒಂದು ಸಂಜೆಯ ಮಟ್ಟಿಗಾದರೂ ಎಲ್ಲ ಮಕ್ಕಳೂ ಒಂದೇ.

ಆದರೆ ಲಾಭಕೋರ ಪೇಟೆಗೆ ಇಂಥ ಸಮಾನತೆ ಹಿಡಿಸುವುದಿಲ್ಲ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅಮೆರಿಕದ ತಾಯಂದಿರು ಹಳೆಯ ಮೇಲುಹಾಸನ್ನೋ ಗಂಡನ ಹರಿದ ಕೋಟನ್ನೋ ಕತ್ತರಿಸಿ ವೇಷ ಹೊಲಿಯುತ್ತಿದ್ದರು. ಅದೇ ದಶಕದಲ್ಲಿ ವೇಷಗಳನ್ನು ರಾಶಿರಾಶಿಯಾಗಿ ತಯಾರಿಸುವ ಕಂಪನಿಗಳು ತಲೆಯೆತ್ತಿದವು. 1937ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಬೆನ್ ಕೂಪರ್ ಕಂಪನಿ ಸಿನಿಮಾ ಪಾತ್ರಗಳ ಹಕ್ಕು ಕೊಂಡು, ತೆಳುವಾದ ಮುಖವಾಡವನ್ನೂ ನಿಲುವಂಗಿಯನ್ನೂ ಡಬ್ಬಿಯಲ್ಲಿಟ್ಟು ಮಾರಿತು. ಅಲ್ಲಿಂದೀಚೆಗೆ ವೇಷವೆಂದರೆ ಪ್ರತಿ ವರ್ಷ ಕೊಳ್ಳತಕ್ಕ ಸರಕು ಎಂದಾಯಿತು. ಈ ವರ್ಷದ ಸಿನಿಮಾದ ವೀರ ಮುಂದಿನ ವರ್ಷಕ್ಕೆ ಹಳಬನಾಗಬೇಕು. ಇಲ್ಲವಾದರೆ ವ್ಯಾಪಾರ ನಡೆಯುವುದೆಂತು?

2023ರ ಹ್ಯಾಲೋವೀನಿಗೆ ಅಮೆರಿಕನ್ನರು 1,220 ಕೋಟಿ ಡಾಲರು ವೆಚ್ಚ ಮಾಡುವರೆಂದು ಅಲ್ಲಿನ ಚಿಲ್ಲರೆ ವ್ಯಾಪಾರಿಗಳ ರಾಷ್ಟ್ರೀಯ ಒಕ್ಕೂಟವೇ ಅಂದಾಜು ಮಾಡಿತ್ತು. ಅದರಲ್ಲಿ 410 ಕೋಟಿ ವೇಷಗಳಿಗೇ ಮೀಸಲು. ಇನ್ನೊಂದು ಲೆಕ್ಕ ನೋಡಿ. ಆ ದೇಶದ ಕೇಂದ್ರ ಸರ್ಕಾರದ ಕನಿಷ್ಠ ಕೂಲಿ 2009ರಿಂದ ಗಂಟೆಗೆ 7.25 ಡಾಲರಿನಲ್ಲೇ ನಿಂತಿದೆ. ಹೆಚ್ಚಿನ ಕೂಲಿ ಗೊತ್ತುಮಾಡಿರುವ ರಾಜ್ಯಗಳೂ ಇವೆ. ಆದರೆ ಹಾಗೆ ಮಾಡದ ಕಡೆ 36 ಡಾಲರಿನ ಒಂದು ವೇಷಕ್ಕೆ ತಾಯಿಯೊಬ್ಬಳು ಸುಮಾರು 5 ಗಂಟೆ ದುಡಿಯಬೇಕು. ಇಬ್ಬರು ಮಕ್ಕಳಿದ್ದರೆ ಒಂದು ಇಡೀ ದಿನದ ದುಡಿಮೆಯೂ ಸಾಲದು. ಮಗು ಅದನ್ನು ತೊಡುವುದಾದರೂ ಎಷ್ಟು ಹೊತ್ತು? ಒಂದು ಸಂಜೆ. ಮುಂದಿನ ವರ್ಷಕ್ಕೆ ಮಗು ಬೆಳೆದಿರುತ್ತದೆ, ವೇಷ ಬೆಳೆಯುವುದಿಲ್ಲ.

ಹೀಗಿರುವಾಗ ಒಬ್ಬರ ಮಗು ಒಂದು ಸಂಜೆ ತೊಟ್ಟ ವೇಷವನ್ನು ಮತ್ತೊಬ್ಬರ ಮಗು ತೊಡುವುದಕ್ಕಿಂತ ವಿವೇಕದ ಕೆಲಸ ಯಾವುದಿದೆ? ಅಮೆರಿಕದಲ್ಲಿ ಥ್ರಿಫ್ಟ್ ಸ್ಟೋರು, ಇಂಗ್ಲೆಂಡಿನಲ್ಲಿ ಚಾರಿಟಿ ಶಾಪು ಎಂದು ಕರೆಯುವ ಧರ್ಮಸಂಸ್ಥೆಗಳ ಹಳೆಯ ಸಾಮಾನಿನ ಅಂಗಡಿಗಳು ಈ ಕೆಲಸಕ್ಕೆ ಒದಗುತ್ತವೆ. 1902ರಲ್ಲಿ ಬಾಸ್ಟನ್ ನಗರದಲ್ಲಿ ಎಡ್ಗರ್ ಹೆಲ್ಮ್ಸ್ ಎಂಬ ಮೆಥೊಡಿಸ್ಟ್ ಪಾದ್ರಿಗಳು ಉಳ್ಳವರ ಮನೆಗಳಿಂದ ಹಳೆಯ ಬಟ್ಟೆಬರೆಗಳನ್ನು ಸಂಗ್ರಹಿಸಿದರು. ಅವನ್ನು ಸುಮ್ಮನೆ ಹಂಚಿಬಿಡಲಿಲ್ಲ. ಕೆಲಸವಿಲ್ಲದ ಬಡವರಿಗೆ ಕೂಲಿ ಕೊಟ್ಟು ದುರಸ್ತಿ ಮಾಡಿಸಿ, ಕಡಮೆ ಬೆಲೆಗೆ ಮಾರಿದರು. ಗುಡ್‌ವಿಲ್ ಸಂಸ್ಥೆ ಹುಟ್ಟಿದ್ದು ಹೀಗೆ. ಇಂಗ್ಲೆಂಡಿನಲ್ಲಿ, ಯುದ್ಧಕಾಲದ ಗ್ರೀಸಿನ ಕ್ಷಾಮಪೀಡಿತರಿಗಾಗಿ 1942ರಲ್ಲಿ ಆಕ್ಸ್‌ಫರ್ಡ್ ನಗರದ ಕೆಲವರು ಕೂಡಿ ಕಟ್ಟಿದ ಆಕ್ಸ್‌ಫ್ಯಾಮ್ ಸಂಸ್ಥೆ 1947ರಲ್ಲಿ ಅದೇ ನಗರದ ಬ್ರಾಡ್ ಸ್ಟ್ರೀಟಿನಲ್ಲಿ ತನ್ನ ಅಂಗಡಿಯನ್ನು ತೆರೆಯಿತು.

ಹೆಲ್ಮ್ಸರ ಕ್ರಮದಲ್ಲಿ ಗಮನಿಸಬೇಕಾದದ್ದು ಒಂದಿದೆ. ಬೆಲೆ ಎಷ್ಟೇ ಅಲ್ಪವಿರಲಿ, ಕೊಳ್ಳುವವನು ಅದನ್ನು ತೆತ್ತು ಪಡೆಯುತ್ತಾನೆ. ಅವನು ಆರಿಸುತ್ತಾನೆ, ಬೇಡವಾದುದನ್ನು ಬಿಡುತ್ತಾನೆ. ಕೊಟ್ಟವರ ಮುಖ ನೋಡಿ ಕೈಮುಗಿಯಬೇಕಾಗಿಲ್ಲ.

ನಮ್ಮ ದೇಶದಲ್ಲಿ ಹಳೆಯ ಬಟ್ಟೆಯ ಚರಿತ್ರೆ ಬೇರೆ. ಚಂಡಾಲರು ಸತ್ತವರ ಬಟ್ಟೆಯನ್ನೇ ಉಡಬೇಕು, ಶೂದ್ರ ಸೇವಕನಿಗೆ ಒಡೆಯನು ತನ್ನ ಹಳೆಯ ಬಟ್ಟೆಯನ್ನು ಕೊಡಬೇಕು ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ವಿಧಿಸುತ್ತದೆ. ಹಬ್ಬ ಬಂದಾಗ ಒಡೆಯ ತಾನು ಉಟ್ಟುಬಿಟ್ಟ ಪಂಚೆಯನ್ನು ಮುಟ್ಟಿಸಿಕೊಳ್ಳದೆ ಜೀತದಾಳಿನ ಕೈಗೆ ಮೇಲಿನಿಂದ ಬಿಡುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಬಲ್ಲರು. 1927ರ ಮಹಾಡ್ ಸಮ್ಮೇಳನದಲ್ಲಿ ಡಾ. ಅಂಬೇಡ್ಕರ್ ಅವರು ಅಸ್ಪೃಶ್ಯ ಸ್ತ್ರೀಯರಿಗೆ, ಮೇಲುಜಾತಿಯ ಸ್ತ್ರೀಯರಂತೆಯೇ ಸೀರೆ ಉಡಿರಿ ಎಂದು ಹೇಳಬೇಕಾಯಿತು. ಉಡುಪೇ ದಾಸ್ಯದ ಗುರುತಾಗಿದ್ದಾಗ ಅದನ್ನು ಕಳಚುವುದೇ ಸ್ವಾತಂತ್ರ್ಯದ ಮೊದಲ ಹೆಜ್ಜೆಯಾಗಿತ್ತು.

ಆದರೆ ಅದೇ ನಮ್ಮ ಮನೆಗಳಲ್ಲಿ ಅಕ್ಕನ ಲಂಗ ತಂಗಿಗೆ ಬರುತ್ತದೆ, ಅಣ್ಣನ ಅಂಗಿ ತಮ್ಮನಿಗೆ ಬರುತ್ತದೆ. ಅದರಲ್ಲಿ ಯಾರಿಗೂ ಅವಮಾನ ಕಾಣುವುದಿಲ್ಲ. ಬಟ್ಟೆ ಎರಡು ಕಡೆಯೂ ಹಳೆಯದೇ. ಹಾಗಾದರೆ ವ್ಯತ್ಯಾಸವೆಲ್ಲಿದೆ? ಅದು ಬಟ್ಟೆಯ ವಯಸ್ಸಿನಲ್ಲಿಲ್ಲ, ಕೊಡುವವನಿಗೂ ತೆಗೆದುಕೊಳ್ಳುವವನಿಗೂ ಇರುವ ಸಂಬಂಧದಲ್ಲಿದೆ. ಮೇಲಿನಿಂದ ಕೆಳಕ್ಕೆ ಬಿದ್ದ ಬಟ್ಟೆ ಅವಮಾನ. ಸಮಾನರ ನಡುವೆ ಕೈಬದಲಾದ ಬಟ್ಟೆ ಉಳಿತಾಯ, ಪ್ರೀತಿ. ಹ್ಯಾಲೋವೀನ್ ವೇಷ ಇದಕ್ಕೆ ಒಳ್ಳೆಯ ನಿದರ್ಶನ. ಸಿರಿವಂತರ ಮಗುವೂ ಬಡವರ ಮಗುವೂ ಅಂದು ತಮ್ಮದಲ್ಲದ ಉಡುಪನ್ನೇ ತೊಡುವುದು. ಹಳೆಯ ಮೇಲಂಗಿಯ ಮಾಟಗಾತಿ ಹೊಸ ಮೇಲಂಗಿಯವಳಿಗಿಂತ ಹೆಚ್ಚು ನಂಬುವಂತಿರುತ್ತಾಳೆ! ಆದುದರಿಂದ ಥ್ರಿಫ್ಟ್ ಸ್ಟೋರಿನ ವೇಷ ಮೈಲಿಗೆ ಎಂದು ಮೂಗುಮುರಿಯುವುದು ಶುಚಿತ್ವದ ಮಾತಲ್ಲ. ಒಗೆದರೆ ಕೊಳೆ ಹೋಗುತ್ತದೆ. ಒಗೆದ ಮೇಲೂ ಉಳಿಯುವ ಮೈಲಿಗೆ ಜಾತಿಯದು. ಅದನ್ನು ಹಡಗು ವಿಮಾನ ಹತ್ತಿಸಿಕೊಂಡು ಹೋಗಬೇಕಾಗಿಲ್ಲ.

ಹಾಗೆಂದು ಈ ಅಂಗಡಿಗಳನ್ನು ಸಮಾಜವಾದದ ಮಂದಿರವೆಂದು ನಾವು ಹೊಗಳುವುದಿಲ್ಲ. ಹಳೆಯದನ್ನು ಮಾರುವ ಅಂಗಡಿಗಳೆಲ್ಲ ಧರ್ಮಸಂಸ್ಥೆಗಳವಲ್ಲ. ಧರ್ಮಸಂಸ್ಥೆಗಳಿಂದ ಸಾಮಾನು ಕೊಂಡು ಲಾಭಕ್ಕೆ ಮಾರುವ ದೊಡ್ಡ ಕಂಪನಿಯೊಂದರ ಷೇರುಗಳು 2023ರಲ್ಲಿ ನ್ಯೂಯಾರ್ಕಿನ ಷೇರುಪೇಟೆಯನ್ನೂ ಹತ್ತಿದವು. ಇನ್ನು ಧರ್ಮಸಂಸ್ಥೆಗಳಲ್ಲಿಯೂ ದುಡಿಯುವವರ ಸ್ಥಿತಿಯನ್ನು ಕೇಳಬೇಕು. ಅಮೆರಿಕದ 1938ರ ಕಾರ್ಮಿಕ ಕಾಯಿದೆಯ ಒಂದು ಕಲಮು, ಅಂಗವಿಕಲರಿಗೆ ಕನಿಷ್ಠ ಕೂಲಿಗಿಂತ ಕಡಮೆ ಕೊಡಲು ಪರವಾನಗಿಯಿತ್ತಿತು. ಗುಡ್‌ವಿಲ್ಲಿನ ಕೆಲವು ಶಾಖೆಗಳು ಈ ಕಲಮನ್ನು ಬಳಸಿಕೊಂಡು ಟೀಕೆಗೆ ಗುರಿಯಾದವು. ಹಳೆಯ ಸಾಮಾನು ದಾನ ಕೊಟ್ಟ ಸ್ಥಿತಿವಂತ ಅದರ ಬೆಲೆಯನ್ನು ವರಮಾನ ತೆರಿಗೆಯ ಲೆಕ್ಕದಲ್ಲಿ ಕಳೆದುಕೊಳ್ಳಬಹುದು; ಅದನ್ನು ಕೊಂಡ ಬಡವಳಿಗೆ ಅಂಥ ಸವಲತ್ತಿಲ್ಲ. ದಾನದ ಪುಣ್ಯವೂ ತೆರಿಗೆಯ ಉಳಿತಾಯವೂ ಒಬ್ಬನಿಗೇ! ಕೂಲಿ ಸಾಕಷ್ಟಿದ್ದರೆ ಯಾವ ತಾಯಿಯೂ ಬೇರೆ ದಾರಿಯಿಲ್ಲದೆ ಇಲ್ಲಿಗೆ ಬರಬೇಕಾಗುತ್ತಿರಲಿಲ್ಲ; ಇಷ್ಟಪಟ್ಟು ಬರುತ್ತಿದ್ದಳು. ನಮ್ಮ ಹೋರಾಟ ಆ ಸ್ಥಿತಿಗಾಗಿ.

ಇನ್ನೊಂದು ಮುಖವೂ ಇದೆ. 2019ರಲ್ಲಿ ಇಂಗ್ಲೆಂಡಿನ ಫೇರಿಲ್ಯಾಂಡ್ ಟ್ರಸ್ಟ್, ಹಬಬ್ ಎಂಬ ಎರಡು ಸಂಸ್ಥೆಗಳು 19 ವ್ಯಾಪಾರಿಗಳು ಮಾರುತ್ತಿದ್ದ 324 ಹ್ಯಾಲೋವೀನ್ ಉಡುಪುಗಳನ್ನು ಪರಿಶೀಲಿಸಿದವು. ಅವುಗಳಲ್ಲಿದ್ದ ವಸ್ತುವಿನ ಶೇಕಡ 83 ಭಾಗ ಖನಿಜ ತೈಲದಿಂದ ಮಾಡಿದ ಪ್ಲಾಸ್ಟಿಕ್, ಹೆಚ್ಚಿನದು ಪಾಲಿಯೆಸ್ಟರ್. ಬ್ರಿಟನ್ನಿನಲ್ಲಿ ವರ್ಷಕ್ಕೆ 70 ಲಕ್ಷ ವೇಷಗಳು ಕಸಕ್ಕೆ ಬೀಳುತ್ತವೆಂದು ಅಂದಾಜಾಗಿತ್ತು. ಥ್ರಿಫ್ಟ್ ಸ್ಟೋರಿನಲ್ಲಿಯೂ ಮಾರಾಟವಾಗದ ಬಟ್ಟೆಗಳನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಅಲ್ಲಿಯೂ ಉಳಿದದ್ದನ್ನು ಬೇಲು ಕಟ್ಟಿ ಹಡಗಿಗೆ ಹಾಕುತ್ತಾರೆ. ಪಶ್ಚಿಮ ದೇಶಗಳ ಇಂಥ ಬೇಲುಗಳನ್ನು ಗುಜರಾತಿನ ಕಾಂಡ್ಲಾದಲ್ಲಿ ಕೂಲಿ ಹೆಂಗಸರು ಬೇರ್ಪಡಿಸುತ್ತಾರೆ. ಹರಿಯಾಣದ ಪಾಣಿಪತ್ತಿನಲ್ಲಿ ಹಳೆಯ ಉಣ್ಣೆಬಟ್ಟೆಗಳನ್ನು ಹರಿದು ನೂಲು ತೆಗೆದು ಕಂಬಳಿ ನೇಯುತ್ತಾರೆ. ಆದರೆ ಹೊಳಪು ಚೂರು, ರಬ್ಬರು, ಬಗೆಬಗೆಯ ಪ್ಲಾಸ್ಟಿಕ್ಕುಗಳನ್ನು ಸೇರಿಸಿ ಹೊಲಿದ ವೇಷ ಮತ್ತೆ ನೂಲಾಗುವುದು ಕಷ್ಟ. ಅದಕ್ಕಿರುವ ಒಳ್ಳೆಯ ಗತಿ ಒಂದೇ: ಹರಿಯುವ ತನಕ ಮಗುವಿನಿಂದ ಮಗುವಿಗೆ ಸಾಗುವುದು.

ಈಗ ಕೊಳ್ಳುವವರಿಗೆ ಉಪಯೋಗವಾಗುವ ನಾಲ್ಕು ಮಾತು. ಅಲ್ಲಿರುವ ಮಕ್ಕಳಿಗೆ ನೀವು ಬರೆಯುವಾಗ ಇವನ್ನು ತಿಳಿಸಬಹುದು.

ಒಂದು: ಈ ಅಂಗಡಿಗಳು ವರ್ಷವೆಲ್ಲ ಬಂದ ವೇಷಗಳನ್ನು ಕೂಡಿಟ್ಟು ಸೆಪ್ಟೆಂಬರಿನ ಹೊತ್ತಿಗೆ ಹೊರಗೆ ತೂಗುಹಾಕುತ್ತವೆ. ಆಗಲೇ ಹೋದರೆ ಮಗುವಿನ ಅಳತೆಯದು ಸಿಗುತ್ತದೆ. ಇತ್ತೀಚೆಗೆ ಅಲ್ಲಿಯೂ ಹೊಚ್ಚಹೊಸ ವೇಷಗಳನ್ನು ಪಕ್ಕದಲ್ಲೇ ತೂಗುಹಾಕುವುದುಂಟು, ನೋಡಿ ಕೊಳ್ಳಬೇಕು. ವೇಷದ ಸಾಲನ್ನು ಮಾತ್ರ ನೋಡಿದರೆ ಸಾಲದು. ದೊಡ್ಡವರ ಬಿಳಿ ಅಂಗಿ ಮಗುವಿಗೆ ಡಾಕ್ಟರ ಕೋಟಾಗುತ್ತದೆ; ಚೌಕಳಿ ಅಂಗಿ ಮತ್ತು ಹುಲ್ಲಿನ ಟೋಪಿ ಸೇರಿದರೆ ಬೆದರುಬೊಂಬೆ. ಹಬ್ಬ ಮುಗಿದ ಮೇಲೂ ಆ ಅಂಗಿ ಅಂಗಿಯೇ.

ಎರಡು: ಬೆಂಕಿಯ ವಿಷಯದಲ್ಲಿ ಅಸಡ್ಡೆ ಕೂಡದು. 1940ರ ದಶಕದಲ್ಲಿ ಅಮೆರಿಕದಲ್ಲಿ ರೇಯಾನ್ ಜೂಲಿನ ಕೌಬಾಯ್ ಉಡುಪುಗಳು ಭಗ್ಗನೆ ಹೊತ್ತಿಕೊಂಡು ಮಕ್ಕಳು ಸುಟ್ಟುಹೋದರು. ಅಂಥ ಅನಾಹುತಗಳ ತರುವಾಯ ಬಂದದ್ದು 1953ರ ಉರಿಯುವ ಬಟ್ಟೆಗಳ ಕಾಯಿದೆ. ಮಕ್ಕಳ ಜೀವ ಹೋದ ಮೇಲೆ ಕಾಯಿದೆ ಬರುವುದು ಬಂಡವಾಳಶಾಹಿಯ ಹಳೆಯ ಚಾಳಿ. ಇಂದಿಗೂ ಅಲ್ಲಿ ಮಕ್ಕಳ ರಾತ್ರಿಯುಡುಪಿಗೆ ಇರುವಷ್ಟು ಬಿಗಿಯಾದ ನಿಯಮ ವೇಷದ ಉಡುಪಿಗಿಲ್ಲ. ಆದುದರಿಂದ ಒಳಗಿನ ಚೀಟಿಯನ್ನು ಓದಬೇಕು. ಜೋಲಾಡುವ ತೋಳು, ತೆಳ್ಳನೆಯ ಜಾಳಿಗೆ, ಅಂಟಿಸಿದ ಕೂದಲುಗಳಿದ್ದರೆ ಬಿಡಬೇಕು. ಚೀಟಿಯಿಲ್ಲದ ಬಹು ಹಳೆಯ ವೇಷ ಬೇಡವೇ ಬೇಡ. ಕುಂಬಳದೊಳಗೆ ಮೇಣದಬತ್ತಿಗೆ ಬದಲು ಬ್ಯಾಟರಿ ದೀಪವಿರಲಿ.

ಮೂರು: ರಸ್ತೆ. 1975ರಿಂದ 2016ರವರೆಗಿನ ಅಮೆರಿಕದ ಅಪಘಾತಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದರಂತೆ, ಹೋಲಿಸಿ ನೋಡಿದ ಬೇರೆ ಸಂಜೆಗಳಿಗಿಂತ ಹ್ಯಾಲೋವೀನ್ ಸಂಜೆ ಪಾದಚಾರಿಗಳ ಸಾವಿನ ಅಪಾಯ ಶೇಕಡ 43ರಷ್ಟು ಹೆಚ್ಚು. ಹಳೆಯ ವೇಷ ಎರಡು ಬೆರಳು ಉದ್ದವಿದ್ದರೆ ಮುಂದಕ್ಕಾಗುತ್ತದೆಂದು ಹಾಗೆಯೇ ಬಿಡಬಾರದು; ಅಂಚು ಮಡಿಸಿ ಹೊಲಿಯಬೇಕು. ಕಣ್ಣು ಮರೆಮಾಡುವ ಮುಖವಾಡಕ್ಕಿಂತ ಮುಖಕ್ಕೆ ಬಣ್ಣ ಲೇಸು. ಕಪ್ಪು ಬಟ್ಟೆಗೆ ಬೆಳಕಿಗೆ ಹೊಳೆಯುವ ಪಟ್ಟಿ ಹಚ್ಚಬೇಕು.

ನಾಲ್ಕು: ತಂದೊಡನೆ ಒಗೆಯುವುದು, ಗುಂಡಿ, ಜಿಪ್ಪು, ಎಲಾಸ್ಟಿಕ್ಕುಗಳನ್ನು ನೋಡಿ ಸರಿಪಡಿಸುವುದು, ಹಬ್ಬವಾದ ಮೇಲೆ ಮತ್ತೆ ಒಗೆದು, ಹರಿದದ್ದನ್ನು ಹೊಲಿದು ಹಿಂದಿರುಗಿಸುವುದು. ಹರಕನ್ನು ದಾನವೆಂದು ಕೊಡುವುದು ದಾನವಲ್ಲ, ಕಸವನ್ನು ಬಡವರ ಮೇಲೆ ಹಾಕಿದಂತೆ. ನಮ್ಮ ಮಗು ತೊಡಬಹುದಾದುದನ್ನು ಮಾತ್ರ ಇನ್ನೊಬ್ಬರ ಮಗುವಿಗೆ ಕೊಡುವುದು ಸಮಾನತೆಯ ಮೊದಲ ಪಾಠ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದವರೂ ಅಲ್ಲಿದ್ದಾರೆ. ಕೆಲವು ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲೂ ಶಾಲೆಗಳಲ್ಲೂ ಅಕ್ಟೋಬರಿನಲ್ಲಿ ವೇಷಗಳ ವಿನಿಮಯ ನಡೆಯುತ್ತದೆ. ಚಿಕ್ಕದಾದ ವೇಷವನ್ನು ತಂದಿಟ್ಟು ಅಳತೆಯದನ್ನು ಒಯ್ಯುವುದು. ತರಲು ಏನೂ ಇಲ್ಲದವರೂ ಒಯ್ಯಬಹುದೆಂಬ ಏರ್ಪಾಡೂ ಎಷ್ಟೋ ಕಡೆ ಉಂಟು. ಅಲ್ಲಿ ದಾನಿಯೂ ಇಲ್ಲ, ಯಾಚಕನೂ ಇಲ್ಲ, ವ್ಯಾಪಾರಿಯೂ ಇಲ್ಲ. ವೇಷ ಊರಿನದು, ಸಂಜೆ ಮಗುವಿನದು. ಇದು ಬಹಳ ಸಣ್ಣ ವಿಷಯವೆಂದು ನಗಬೇಡಿ. ವಸ್ತುವಿನ ಮೇಲೆ ಒಡೆತನಕ್ಕಿಂತ ಉಪಯೋಗ ದೊಡ್ಡದು ಎಂಬ ತತ್ತ್ವವನ್ನು ದಪ್ಪ ಪುಸ್ತಕಗಳಿಂದ ಕಲಿಸಲು ನಾವು ಎಷ್ಟು ಶ್ರಮಪಡುತ್ತೇವೆ! ಅದನ್ನು ಆರು ವರ್ಷದ ಮಗು ಒಂದು ಮಾಟಗಾತಿಯ ಟೋಪಿಯಿಂದ ಕಲಿಯುತ್ತದೆ.

ಬೆಂಗಳೂರಿನ ಮಾಲುಗಳಲ್ಲಿ ಈಗ ಹ್ಯಾಲೋವೀನ್ ಕಾಣಿಸಿಕೊಳ್ಳುತ್ತಿದೆ. ಪೇಟೆ ಅಲ್ಲಿಂದ ಪ್ಲಾಸ್ಟಿಕ್ ವೇಷವನ್ನು ಮಾತ್ರ ತರುತ್ತದೆ. ವಿನಿಮಯದ ಕಟ್ಟೆಯನ್ನು ತರುವುದಿಲ್ಲ, ಏಕೆಂದರೆ ಅದರಲ್ಲಿ ಲಾಭವಿಲ್ಲ. ಅದನ್ನು ತರಬೇಕಾದವರು ನಾವು. ಶಾಲೆಯ ವಾರ್ಷಿಕೋತ್ಸವಕ್ಕೆ ವೇಷ ಬಾಡಿಗೆ ತರಲಾಗದೆ ಮನೆಯಲ್ಲೇ ಉಳಿಯುವ ಮಕ್ಕಳು ನಮ್ಮ ಜಿಲ್ಲೆಯಲ್ಲಿಲ್ಲವೆ? ಪ್ರತಿ ಶಾಲೆಯಲ್ಲಿ ಒಂದು ಪೆಟ್ಟಿಗೆ, ಅದರಲ್ಲಿ ಊರಿನ ಮಕ್ಕಳೆಲ್ಲರ ವೇಷ, ಅದರ ಉಸ್ತುವಾರಿಗೆ ಮಕ್ಕಳದೇ ಒಂದು ಸಮಿತಿ. ಇಷ್ಟು ಮಾಡಲು ಸರ್ಕಾರದ ಅಪ್ಪಣೆಗೆ ಕಾಯಬೇಕಾಗಿಲ್ಲ. ಕೂಟದ ಸದಸ್ಯರು ತಂತಮ್ಮ ಊರಿನ ಶಾಲೆಯಿಂದಲೇ ಇದನ್ನು ಆರಂಭಿಸಬೇಕೆಂದು ಕೇಳಿಕೊಂಡು ನಮ್ಮ ಮಾತನ್ನು ಮುಗಿಸುತ್ತೇವೆ.