ರಕ್ತಪರಿಚಲನೆ: ಸಿದ್ಧಾಂತ ಮತ್ತು ಸಾಕ್ಷ್ಯ



ಹೃದಯದ ನಾಲ್ಕು ಕೋಣೆಗಳ ಚಿತ್ರ ಬರೆದು ರಕ್ತದ ದಾರಿಯನ್ನು ಬಾಣದ ಗುರುತಿನಿಂದ ತೋರಿಸುವ ರೂಢಿ ಪ್ರೌಢಶಾಲೆಯಿಂದಲೇ ಇದೆ. ಆದರೆ ಆ ಬಾಣ ಒಂದೇ ದಿಕ್ಕಿಗೆ ಸಾಗುತ್ತದೆಂಬುದಕ್ಕೆ ಸಾಕ್ಷ್ಯವೇನು ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. ಆ ಪ್ರಶ್ನೆಗೆ ಬೋಧನೆಯಲ್ಲಿ ಸಲ್ಲಬೇಕಾದ ಸ್ಥಾನವನ್ನು ದೊರಕಿಸುವುದೇ ಈ ವಿಚಾರ ಸಂಕಿರಣದ ಆಶಯ.

ಅಂಗಾಂಗಗಳಿಗೆ ಆಮ್ಲಜನಕವನ್ನು ಒಪ್ಪಿಸಿದ ರಕ್ತವು ಮಹಾ ಅಭಿಧಮನಿಗಳ ಮೂಲಕ ಬಲ ಹೃತ್ಕರ್ಣಕ್ಕೆ, ಅಂದರೆ ರಕ್ತವನ್ನು ಬರಮಾಡಿಕೊಳ್ಳುವ ಮೇಲಿನ ಕೋಣೆಗೆ ಬಂದು, ರಕ್ತವನ್ನು ಹೊರದೂಡುವ ಕೆಳಗಿನ ಕೋಣೆಯಾದ ಬಲ ಹೃತ್ಕುಕ್ಷಿಗೆ ಇಳಿದು, ಶ್ವಾಸಕೋಶಗಳನ್ನು ತಲುಪುತ್ತದೆ. ಅಲ್ಲಿ ಆಮ್ಲಜನಕವನ್ನು ಪಡೆದು ಎಡ ಹೃತ್ಕರ್ಣಕ್ಕೆ ಮರಳಿ, ಎಡ ಹೃತ್ಕುಕ್ಷಿಯ ಒತ್ತಡದಿಂದ ಮಹಾ ಅಪಧಮನಿಯನ್ನು ಸೇರುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಹೀಗೆ ಪ್ರತಿ ಮಿಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹೊರಬೀಳುತ್ತದೆ. ದೇಹದಲ್ಲಿರುವ ಒಟ್ಟು ರಕ್ತವೂ ಹೆಚ್ಚುಕಡಿಮೆ ಅಷ್ಟೇ.

ಆಹಾರದಿಂದ ಯಕೃತ್ತಿನಲ್ಲಿ ಹೊಸ ರಕ್ತ ಹುಟ್ಟಿ ಅಂಗಗಳಲ್ಲಿ ವ್ಯಯವಾಗುತ್ತದೆ, ಹೃದಯದ ನಡುಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂಬ ಪ್ರಾಚೀನ ಗ್ರೀಕ್ ವೈದ್ಯ ಗೇಲನ್‌ನ ಮತ ಯುರೋಪಿನಲ್ಲಿ ಸಾವಿರ ವರ್ಷಕ್ಕೂ ಮಿಕ್ಕಿ ನಿಂತಿತ್ತು. ಆ ರಂಧ್ರಗಳೇ ಇಲ್ಲ, ರಕ್ತ ಶ್ವಾಸಕೋಶವನ್ನು ಹಾದೇ ಎಡಕ್ಕೆ ಬರಬೇಕು ಎಂದು 13ನೆಯ ಶತಮಾನದ ಅರಬ್ ವೈದ್ಯ ಇಬ್ನ್ ಅಲ್-ನಫೀಸ್ ಬರೆದನು. 1628ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ, ಒಂದು ಮಿಡಿತದ ರಕ್ತವನ್ನು ಎಷ್ಟೇ ಕಡಿಮೆಯೆಂದು ಹಿಡಿದರೂ ಅರ್ಧ ಗಂಟೆಯಲ್ಲಿ ಹೃದಯವನ್ನು ದಾಟುವ ಮೊತ್ತವು ತಿಂದ ಆಹಾರದಿಂದ ಹುಟ್ಟಲಾರದಷ್ಟು ಹೆಚ್ಚಾಗುತ್ತದೆಂದು ಲೆಕ್ಕ ಹಾಕಿ, ಅದೇ ರಕ್ತ ಸುತ್ತಿ ಬರುತ್ತಿದೆಯೆಂದು ಸಾಧಿಸಿದನು.

ಅವನ ಇನ್ನೊಂದು ಸಾಕ್ಷ್ಯಕ್ಕೆ ಬರಿಯ ತೋಳು ಸಾಕು. ತೋಳಿಗೆ ಪಟ್ಟಿ ಬಿಗಿದರೆ ಮುಂಗೈಯ ಅಭಿಧಮನಿಗಳು ಉಬ್ಬಿ, ಕವಾಟಗಳಿರುವಲ್ಲಿ ಗಂಟುಗಳು ಕಾಣುತ್ತವೆ. ಒಂದು ಬೆರಳಿನಿಂದ ನಾಳವನ್ನು ಅದುಮಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಿನ ಕವಾಟದ ಆಚೆಗೆ ಸವರಿದರೆ ನಡುವಿನ ಭಾಗ ಬರಿದಾಗಿಯೇ ಉಳಿಯುತ್ತದೆ. ಕೆಳಗಿನ ಬೆರಳನ್ನು ಎತ್ತಿದೊಡನೆ ಅದು ಕೆಳಗಿನಿಂದ ತುಂಬಿಕೊಳ್ಳುತ್ತದೆ. ರಕ್ತ ಹೃದಯದ ಕಡೆಗೇ ಹರಿಯುತ್ತದೆಂಬುದು ಹೀಗೆ ಕಣ್ಣಿಗೆ ಕಾಣುತ್ತದೆ.

ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಬಗೆಯನ್ನು ಮಾತ್ರ ಹಾರ್ವೆ ಕಾಣಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ಬಳಿಕ, 1661ರಲ್ಲಿ, ಇಟಲಿಯ ಮಾಲ್ಪೀಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಇವೆರಡನ್ನೂ ಬೆಸೆಯುವ ಅತಿಸೂಕ್ಷ್ಮ ಲೋಮನಾಳಗಳನ್ನು ವರ್ಣಿಸಿದನು.

ಈ ತರ್ಕವನ್ನು ತಾನೇ ನಡೆದು ಬಂದ ವಿದ್ಯಾರ್ಥಿಗೆ ಮುಂದೆ ವೈದ್ಯವೃತ್ತಿಯಲ್ಲಿ ಸಂಧಿವಾತ ಜ್ವರದಿಂದ ಎಡಭಾಗದ ಕವಾಟ ಕಿರಿದಾದ ರೋಗಿ ಎದುರಾದಾಗ, ರಕ್ತ ಹಿಂದೆ ತಡೆದು ಶ್ವಾಸಕೋಶದಲ್ಲಿ ಒತ್ತಡ ಏರಿ ಏದುಸಿರು ಬರುವುದರ ಕಾರಣ ತಾನಾಗಿ ಹೊಳೆಯುತ್ತದೆ. ಆದ್ದರಿಂದ ಲೆಕ್ಕವನ್ನೂ ಪ್ರಯೋಗವನ್ನೂ ಪಾಠದೊಳಗೆ ಹೇಗೆ ಅಳವಡಿಸಬಹುದು, ಪರೀಕ್ಷೆಯಲ್ಲಿ ಅವುಗಳಿಗೆ ಹೇಗೆ ಅಂಕ ಕೊಡಬಹುದು ಎಂಬುದನ್ನು ಮುಂದಿನ ಗೋಷ್ಠಿಗಳು ಆಳವಾಗಿ ಚರ್ಚಿಸಿ ನಿರ್ದಿಷ್ಟ ಸಲಹೆಗಳನ್ನು ರೂಪಿಸಬೇಕಾಗಿದೆ.